ಒಕ್ಕಲಿನ ಎಲ್ಲೆಗೂ ಚರಿತ್ರೆಯುಂಟು

ಸಾಮ್ರಾಜ್ಯಗಳ ಗಡಿಯೆಂದೊಡನೆ ನಮ್ಮ ಚಿತ್ತವು ಕೋಟೆಕೊತ್ತಲಗಳತ್ತ, ದಂಡನಾಯಕರ ಬಿರುದಾವಳಿಗಳತ್ತ ಹರಿಯುವುದು ಸಹಜವೇ ಆದರೂ, ಅದೇ ಗಡಿಯ ಮಗ್ಗುಲಲ್ಲಿ ಉತ್ತುಬಿತ್ತಿ, ದನಕರುಗಳನ್ನು ಸಾಕಿ, ಮನೆಯ ಸುತ್ತ ಅಗಳು ತೋಡಿಕೊಂಡು ಬಾಳಿದ ಒಕ್ಕಲುಮಕ್ಕಳ ವೃತ್ತಾಂತವು ಅದಕ್ಕಿಂತ ಕಡಮೆ ಬೆಲೆಯದೇನೂ ಅಲ್ಲ. ಕ್ರಿ.ಶ. 122ರ ವೇಳೆಗೆ ರೋಮನ್ ಚಕ್ರವರ್ತಿ ಹೇಡ್ರಿಯನ್ನನ ಆಜ್ಞೆಯಂತೆ ಉತ್ತರ ಬ್ರಿಟನ್ನಿನಲ್ಲಿ ಗಡಿಗೋಡೆಯ ಕೆಲಸ ಮೊದಲಾಯಿತು. ಅದರ ಉತ್ತರದ ಬಯಲಿನಲ್ಲಿ, ಅಗಳು ಮತ್ತು ಮಣ್ಣೊಡ್ಡುಗಳ ಆವರಣದೊಳಗೆ ದುಂಡನೆಯ ಮನೆಗಳನ್ನು ಕಟ್ಟಿಕೊಂಡು ತಲೆಮಾರುಗಳಿಂದ ನೆಲಸಿದ್ದ ದೇಶೀಯ ಕೃಷಿಕರ ಹಲವು ನೆಲೆಗಳು ಗೋಡೆಯೆದ್ದ ಕೆಲಕಾಲದಲ್ಲಿಯೇ ಪಾಳುಬಿದ್ದುವೆಂಬುದನ್ನು ನಮಗೆ ತಿಳಿಸಿದ್ದು ಯಾವ ರಾಜಶಾಸನವೂ ಅಲ್ಲ; ಬಡಾವಣೆಗೋ ಕಲ್ಲಿದ್ದಲ ಗಣಿಗೋ ನೆಲವನ್ನು ಒಪ್ಪಿಸುವ ಮುನ್ನ ನಡೆಸಿದ ಉತ್ಖನನ.

ನಮ್ಮ ಶಿವಮೊಗ್ಗ ಜಿಲ್ಲೆಯೂ ಗಡಿಸೀಮೆಯ ಕಥೆಗಳಿಗೆ ಬಡವಾದುದಲ್ಲ. ಕದಂಬ ವಂಶದ ಮಯೂರಶರ್ಮನು ಪಲ್ಲವರ ಗಡಿಪಾಲಕರನ್ನು ಸೋಲಿಸಿದ ಸಂಗತಿಯನ್ನು ತಾಳಗುಂದದ ಸ್ತಂಭಶಾಸನವು ಪ್ರೌಢವಾದ ಸಂಸ್ಕೃತ ಪದ್ಯಗಳಲ್ಲಿ ಸಾರುತ್ತದೆ. ಆದರೆ ಹಳ್ಳಿಗಾಡಿನ ಎಲ್ಲೆಯನ್ನು ಕಾದವರ ಕಥೆ ತಿಳಿಯಬೇಕಾದರೆ ಶಿಕಾರಿಪುರ, ಸೊರಬದ ಸೀಮೆಗಳಲ್ಲಿ ಕೆರೆಯ ಏರಿ, ಹೊಲದ ಬದುಗಳ ಮೇಲೆ ನಿಂತಿರುವ ವೀರಗಲ್ಲುಗಳ ಬಳಿಗೇ ಹೋಗಬೇಕು. ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲೆತ್ತಿ ನಿಂತ ವೀರ, ಅವನ ಮಗ್ಗುಲಲ್ಲಿ ಒತ್ತೊತ್ತಾಗಿ ಕೆತ್ತಿದ ಹಸುಗಳು. ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು. ಮೇಲೆ ಶಿವಲಿಂಗದ ಸನ್ನಿಧಿ. ತುರುಗಳನ್ನು ಮರಳಿಸಿ ಮಡಿದವನೊಬ್ಬನ ಹೆಸರು ಹೀಗೆ ಕಲ್ಲಿನಲ್ಲಿ ಉಳಿಯಿತು. ಬಿ.ಎಲ್. ರೈಸ್ ಅವರು 1902 ಮತ್ತು 1904ರಲ್ಲಿ ಪ್ರಕಟಿಸಿದ ಈ ಜಿಲ್ಲೆಯ ಶಾಸನಸಂಪುಟಗಳಲ್ಲಿ ಇಂತಹ ಬರೆಹಗಳು ಹೇರಳವಾಗಿವೆ.

ಶಿವಪ್ಪನಾಯಕನ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ವೀರಗಲ್ಲುಗಳಿವೆಯಲ್ಲ, ಅಷ್ಟು ಸಾಲದೆ ಎಂದು ಕೆಲವರು ಕೇಳಿಯಾರು. ಅನಾಥವಾಗಿ ಬಿದ್ದ ಕಲ್ಲಿಗೆ ಆ ಆಶ್ರಯವು ಯೋಗ್ಯವೇ ಸರಿ. ಆದರೆ ಅದು ಯಾವ ಊರಿನ ಯಾವ ಎಲ್ಲೆಯಲ್ಲಿತ್ತು, ಅದರ ಬಳಿ ಅಗಳಿತ್ತೇ, ಹಾಳೂರಿನ ಕುರುಹಿತ್ತೇ ಎಂಬ ವಿವರವು ಕಲ್ಲಿನೊಡನೆ ಬಾರದು. ಶಿವಮೊಗ್ಗ ಮತ್ತು ಭದ್ರಾವತಿಗಳು ಒಂದರತ್ತ ಒಂದು ಬೆಳೆಯುತ್ತಿರುವ ಈ ದಿನಗಳಲ್ಲಿ, ಜೆಸಿಬಿಯು ಒಂದು ಮುಂಜಾನೆಯಲ್ಲಿ ಸಮತಟ್ಟು ಮಾಡಿದ ನೆಲವನ್ನು ಯಾವ ವಿದ್ವಾಂಸನೂ ಮರಳಿ ಓದಲಾರನು.

ಆದುದರಿಂದ ಎರಡೂ ನಗರಗಳಿಗೆ ಹೊಣೆಯಾದ ನಗರಾಭಿವೃದ್ಧಿ ಪ್ರಾಧಿಕಾರವು ಬಡಾವಣೆಗೆ ಅನುಮೋದನೆ ಕೊಡುವ ಮುನ್ನ ಪುರಾತತ್ತ್ವಜ್ಞರಿಂದ ಸ್ಥಳಪರಿಶೀಲನೆ ಮಾಡಿಸಿ, ಕಲ್ಲು, ಒಡ್ಡು, ಅಗಳುಗಳನ್ನು ನಕ್ಷೆಯಲ್ಲಿ ಗುರುತಿಸುವುದನ್ನು ಕಡ್ಡಾಯಗೊಳಿಸತಕ್ಕದ್ದು. ಉದ್ಯಾನಕ್ಕೆಂದು ಹೇಗೂ ಬಿಡಬೇಕಾದ ಜಾಗವನ್ನು ವೀರಗಲ್ಲು ಇರುವೆಡೆಯಲ್ಲಿಯೇ ಬಿಟ್ಟರೆ ಯಾರ ನಿವೇಶನಕ್ಕೂ ಕುಂದು ಬಾರದು.