ಹಡಗು ಹತ್ತುವ ಮುನ್ನ

ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿ ನೆಲೆಸಿದ ಬಸವನಗುಡಿಯ ಗೃಹಸ್ಥನಿಗೆ ಕಡಲೆಂಬುದು ಕಡಲೆಕಾಯಿ ಪರಿಷೆಯಷ್ಟು ನಿಕಟವಾದುದಲ್ಲವಾದ್ದರಿಂದ, ಬಹುವರ್ಷ ಹಂಬಲಿಸಿದ ವಿಹಾರನೌಕೆಯನ್ನು ಮುಂಬಯಿಯಲ್ಲಿ ಏರಬೇಕಾದರೆ ಅವನು ಮೊದಲು ದಾಟಬೇಕಾದ ಸಾಗರವು ಬೆಂಗಳೂರಿನ ವಾಹನಸಂದಣಿಯೇ ಸರಿ.

ನಾವು ಹೊರಟದ್ದು ನೌಕಾಯಾನದ ದಿನದಂದೇ, ನಸುಕಿನ ಮೂರು ಗಂಟೆಗೆ. ಟ್ಯಾಕ್ಸಿಯು ಗಾಂಧಿಬಜಾರನ್ನು ಹಾಯುವಾಗ ಹೂವಿನಂಗಡಿಗಳು ಇನ್ನೂ ಕಣ್ತೆರೆದಿರಲಿಲ್ಲ; ಮಡದಿಯ ಮಡಿಲಲ್ಲಿ ಪುಳಿಯೋಗರೆಯ ಡಬ್ಬಿ, ನನ್ನ ಜೇಬಿನಲ್ಲಿ ದೊಡ್ಡ ಗಣಪತಿಯ ಪ್ರಸಾದದ ಕಾಯಿಚೂರು. 2008ರಿಂದ ವಿಮಾನನಿಲ್ದಾಣವು ದೇವನಹಳ್ಳಿಯ ದಿಕ್ಕಿನಲ್ಲಿದೆ. ಹತ್ತಿರ ಹತ್ತಿರ 40 ಕಿಲೋಮೀಟರು. ಅಲ್ಲಿ ವಿಮಾನ ಮೂರು ತಾಸು ತಡವಾಯಿತು. ಬಂದರನ್ನು ಏದುಸಿರಿನಿಂದ ತಲಪಿದಾಗ ಹಡಗಿನ ಬಾಗಿಲು ಮುಚ್ಚುವುದರಲ್ಲಿತ್ತು. ಡಬ್ಬಿಯ ಪುಳಿಯೋಗರೆ ಹಾಗೆಯೇ ಉಳಿದಿತ್ತು. ಕೋಣೆ ಸೇರಿದವರೇ ಮಲಗಿಬಿಟ್ಟೆವು. ಕಡಲನ್ನು ಕಂಡದ್ದು ಮರುದಿನ.

ಒಂದು ದಿನ ಮುಂಚಿತವಾಗಿ ಹೊರಡುವುದನ್ನು ದುಂದುವೆಚ್ಚವೆಂದು ಹಳಿಯುವ ನಮ್ಮ ಮಿತವ್ಯಯಬುದ್ಧಿಯು (ಚಾಮರಾಜಪೇಟೆ, ಮಲ್ಲೇಶ್ವರಗಳೂ ಇದಕ್ಕೆ ಹೊರತಲ್ಲ) ಈ ಸಂದರ್ಭದಲ್ಲಿ ಶುದ್ಧ ಅವಿವೇಕ. ಮದುವೆಗೆ ಹಿಂದಿನ ಸಂಜೆಯೇ ಛತ್ರ ಸೇರಿ ವರಪೂಜೆಯ ಊಟ ಮುಗಿಸುವ ಜನ ನಾವು. ಹಡಗಿಗೇಕೆ ಆ ಮರ್ಯಾದೆಯಿಲ್ಲ? ವಿಮಾನವೇ ಆಗಬೇಕೆಂದೂ ಇಲ್ಲ: ಉದ್ಯಾನ್ ಎಕ್ಸ್‌ಪ್ರೆಸ್ಸು ಇಂದಿಗೂ ಪ್ರತಿದಿನ ಬೆಂಗಳೂರಿನಿಂದ ಮುಂಬಯಿಗೆ ಹೊರಡುತ್ತದೆ.