ಎರಡು ಸಂಸ್ಥಾನಗಳ ಸಾಲ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಆದರೂ ಯಲಬುರ್ಗಾದ ಬಯಲಿನಲ್ಲಿ ಮಳೆಯನ್ನೇ ನಂಬಿ ಉಳುವ ರೈತನು ಬಿತ್ತನೆಯ ಕಾಲಕ್ಕೆ ಸಾಲ ಮಾಡಬೇಕಾಗುತ್ತದೆ. ಬೀಜಕ್ಕೆ ತಂದ ಸಾಲ ಬೆಳೆಯಾಗಿ ಮರಳಬಹುದು. ಮದುವೆಯ ಆಡಂಬರಕ್ಕೆ ತಂದ ಸಾಲ ಹೊಲವನ್ನೇ ನುಂಗಬಹುದು. ಹಾಗಾದರೆ ದೋಷವಿರುವುದು ಸಾಲದಲ್ಲಿಯೋ, ಅದರ ಉದ್ದೇಶದಲ್ಲಿಯೋ? ಮನೆಗೆ ಸಲ್ಲುವ ಈ ಪ್ರಶ್ನೆ ರಾಜ್ಯಕ್ಕೂ ಸಲ್ಲುತ್ತದೆ. ಹೈದರಾಬಾದು ಮತ್ತು ಮೈಸೂರು ಸಂಸ್ಥಾನಗಳ ಚರಿತ್ರೆಯಲ್ಲಿ ಇದಕ್ಕೆ ಉತ್ತರ ದೊರೆಯುತ್ತದೆ.

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ನಮ್ಮ ಸೀಮೆಗೆ ರಾಯಚೂರು ದೋಆಬ್ ಎಂದು ಹೆಸರು. ಇದು ನಿಜಾಮರ ರಾಜ್ಯದ ಭಾಗವಾಗಿತ್ತು. 19ನೆಯ ಶತಮಾನದ ಆರಂಭದಲ್ಲಿ ಆ ಸರ್ಕಾರವು ಪಾಮರ್ ಕಂಪನಿಯೆಂಬ ಲೇವಾದೇವಿ ಸಂಸ್ಥೆಯಿಂದ, ಕೆಲವು ವೇಳೆ ನೂರಕ್ಕೆ 24ರಷ್ಟು ಬಡ್ಡಿಗೆ, ಹಣವನ್ನು ಪಡೆಯಿತು. ಮುಂದೆ ಬ್ರಿಟಿಷ್ ಅಧಿಕಾರಿಗಳ ಕೈಕೆಳಗಿದ್ದ ಹೈದರಾಬಾದ್ ಕಂಟಿಂಜೆಂಟ್ ಸೈನ್ಯದ ವೆಚ್ಚವೂ ನಿಜಾಮರ ಮೇಲೆ ಬಿದ್ದಿತು. ಸಂಬಳದ ಬಾಕಿ ಈಸ್ಟ್ ಇಂಡಿಯಾ ಕಂಪನಿಗೆ ತೀರಿಸಬೇಕಾದ ಸಾಲವಾಗಿ ಬೆಳೆಯಿತು. ಆ ಸಾಲದಿಂದ ಕೆರೆ ಕಟ್ಟಲಿಲ್ಲ, ಕಾಲುವೆ ತೋಡಲಿಲ್ಲ. ಕೊನೆಗೆ 1853ರ ಒಪ್ಪಂದದಂತೆ ಬೀರಾರ್, ಧಾರಾಶಿವ ಮತ್ತು ರಾಯಚೂರು ದೋಆಬ್ ಪ್ರದೇಶಗಳ ಆಡಳಿತವು ಕಂಪನಿಯ ವಶವಾಯಿತು. ಸಾಲಕ್ಕೆ ಆಧಾರವಾದದ್ದು ಅರಮನೆಯ ಒಡವೆಯಲ್ಲ, ಪ್ರಜೆಗಳು ಉಳುತ್ತಿದ್ದ ನೆಲ! 1860ರಲ್ಲಿ ದೋಆಬ್ ಮತ್ತು ಧಾರಾಶಿವ ಮರಳಿ ಬಂದವು. ಬೀರಾರ್ ಮಾತ್ರ, ಮಂತ್ರಿ ಸಾಲಾರ್ ಜಂಗರು ಎಷ್ಟು ಪ್ರಯತ್ನಿಸಿದರೂ, ಮರಳಲಿಲ್ಲ.

ಇಂಥದೇ ಗತಿ ಆಫ್ರಿಕಾದ ಈಜಿಪ್ಟಿಗೂ ಒದಗಿತು. ಸಾಲದಲ್ಲಿ ಮುಳುಗಿದ ಅದರ ದೊರೆ ಇಸ್ಮಾಯಿಲನು 1875ರಲ್ಲಿ ಸೂಯೆಜ್ ಕಾಲುವೆಯ ತನ್ನ ಪಾಲನ್ನು ಬ್ರಿಟನ್ನಿಗೆ ಮಾರಿದನು. 1882ರಲ್ಲಿ ಬ್ರಿಟಿಷ್ ಸೈನ್ಯವೇ ಆ ದೇಶವನ್ನು ಆಕ್ರಮಿಸಿತು.

ಇನ್ನು ಮೈಸೂರನ್ನು ನೋಡೋಣ. 1876-78ರ ಭೀಕರ ಕ್ಷಾಮದಲ್ಲಿ ಆ ಸಂಸ್ಥಾನದ ಸುಮಾರು 10 ಲಕ್ಷ ಜನರು ಮಡಿದರು. 1881ರಲ್ಲಿ ರಾಜ್ಯವು ಒಡೆಯರಿಗೆ ಹಿಂದಿರುಗಿದಾಗ ಅದರ ತಲೆಯ ಮೇಲೆ ಭಾರತ ಸರ್ಕಾರಕ್ಕೆ ಕೊಡಬೇಕಾದ 80 ಲಕ್ಷ ರೂಪಾಯಿಗಳ ಸಾಲವಿತ್ತು. ದಿವಾನ್ ರಂಗಾಚಾರ್ಲು ಅವರು ಎದೆಗುಂದಲಿಲ್ಲ. ಅದೇ ವರ್ಷ ಪ್ರಜಾಪ್ರತಿನಿಧಿ ಸಭೆಯನ್ನು ಕರೆದು ರಾಜ್ಯದ ಸ್ಥಿತಿಗತಿಗಳನ್ನು ಜನರ ಮುಂದಿಟ್ಟರು. ಕ್ಷಾಮಪೀಡಿತರಿಗೆ ಧಾನ್ಯ ಸಾಗಿಸಲು ರೈಲುದಾರಿ ಬೇಕೆಂಬುದು ಅನುಭವದಿಂದ ತಿಳಿದಿತ್ತು. ಆದುದರಿಂದ ಮೈಸೂರು ಅದಕ್ಕಾಗಿ ಮತ್ತೆ ಸಾಲವೆತ್ತಿತು. ಈ ಸಾಲ ದುಡಿಯುವ ಸಾಲವಾಗಿತ್ತು.

ಇಷ್ಟರಿಂದ ಒಂದು ಸಂಸ್ಥಾನ ಜಾಣ, ಇನ್ನೊಂದು ದಡ್ಡ ಎಂದು ತೀರ್ಮಾನಿಸುವುದು ನ್ಯಾಯವಲ್ಲ. ಕಂಟಿಂಜೆಂಟಿನ ಹೊರೆಯನ್ನು ಹೈದರಾಬಾದು ತಾನಾಗಿ ಬಯಸಿ ಹೊತ್ತುದಲ್ಲ. ಆ ಸಂಸ್ಥಾನವೂ ಮುಂದೆ ರೈಲುದಾರಿಗಾಗಿ ಹಣ ಕೂಡಿಸಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಓಡಿತು. ಭೇದವಿರುವುದು ರಾಜ್ಯಗಳಲ್ಲಿ ಅಲ್ಲ, ಸಾಲದ ಬಗೆಗಳಲ್ಲಿ. ಯಾತಕ್ಕಾಗಿ ತಂದದ್ದು, ಯಾವ ಬಡ್ಡಿಗೆ ತಂದದ್ದು, ಲೆಕ್ಕವನ್ನು ಯಾರಿಗೆ ಒಪ್ಪಿಸಬೇಕು, ಈ ಮೂರೇ ಅದರ ಒರೆಗಲ್ಲು.

ಇಂದು ರಾಜರಿಲ್ಲ, ಸಾಲ ಮಾತ್ರ ಇದೆ. ಕೃಷ್ಣೆಯ ನೀರಾವರಿಗಾಗಿ 1994ರಲ್ಲಿ ಸ್ಥಾಪಿತವಾದ ಕೃಷ್ಣಾ ಭಾಗ್ಯ ಜಲ ನಿಗಮವು ಸಾಲಪತ್ರಗಳ ಮೂಲಕ ಹಣ ಸಂಗ್ರಹಿಸಿತು. ಸರ್ಕಾರದ ಸಾಲಕ್ಕೆ ಮಿತಿ ಹಾಕಲು ಕರ್ನಾಟಕವು 2002ರಲ್ಲಿ ವಿತ್ತೀಯ ಹೊಣೆಗಾರಿಕೆಯ ಕಾಯಿದೆಯನ್ನು ಮಾಡಿತು. ಆದರೆ ಕಾಯಿದೆಯೊಂದೇ ಕಾವಲಾಗದು. ಇಂದು ತಂದ ಸಾಲವನ್ನು ನಾಳೆ ತೆರಿಗೆಯಾಗಿ ತೀರಿಸುವವರು ಇಂದಿನ ವಿದ್ಯಾರ್ಥಿಗಳೇ. ನೀರು ತರುವ ಸಾಲಕ್ಕೆ ನಾವು ಅಂಜಬೇಕಾಗಿಲ್ಲ. ಲೆಕ್ಕ ಕೇಳದ ನಮ್ಮ ಮೌನಕ್ಕೆ ಅಂಜಬೇಕು. ನಮ್ಮ ನೆಲ ಒಮ್ಮೆ ಪರರ ಸಾಲಕ್ಕೆ ಒತ್ತೆಯಾಗಿದ್ದಿತೆಂಬುದನ್ನು ಯಲಬುರ್ಗಾದ ಮಕ್ಕಳು ಮರೆಯಬಾರದು.