ಶಾಸ್ತ್ರೋತ್ಸವಕ್ಕೆ ಕನ್ನಡದ ಮಗುವಿನ ಕೈಹಿಡಿದು ಹೋಗಿ

ಗಡಿನಾಡಿನ ಹೆತ್ತವರಲ್ಲಿ ಒಂದು ಬಿನ್ನಹ.

ಕೆಲವು ದಿನಗಳ ಹಿಂದೆ ಬಸ್ ನಿಲ್ದಾಣದಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು ಎದುರಾದಳು. ಈಗ ಅವಳೇ ಏಳನೆಯ ತರಗತಿಯ ಹುಡುಗಿಯೊಬ್ಬಳ ತಾಯಿ. ಕುಶಲ ವಿಚಾರಿಸಿದ ಮೇಲೆ ಕೇಳಿದಳು: "ಮಾಸ್ಟ್ರೇ, ವಿಜ್ಞಾನ ಮೇಳಕ್ಕೆ ಪ್ರವೇಶ ಉಚಿತವಂತೆ, ಉಪನ್ಯಾಸಗಳೂ ಇವೆಯಂತೆ. ಆದರೆ ಎಲ್ಲವೂ ಮಲಯಾಳದಲ್ಲಿ. ಕನ್ನಡ ಮಾಧ್ಯಮದ ನಮ್ಮ ಮಗಳಿಗೆ ಅದರಿಂದ ಏನು ಪ್ರಯೋಜನ?" ಬಸ್ಸು ಬಂದುಬಿಟ್ಟಿತು. ಉತ್ತರ ಅರ್ಧದಲ್ಲೇ ಉಳಿಯಿತು. ಆ ಉತ್ತರವನ್ನು ಪೂರ್ಣಗೊಳಿಸುವುದಕ್ಕಾಗಿಯೇ ಈ ಬರಹ. ಅವಳಿಗೆ ಮಾತ್ರವಲ್ಲ, ಇದೇ ಪ್ರಶ್ನೆಯನ್ನು ಮರಾಠಿಯ, ತಮಿಳಿನ, ತೆಲುಗಿನ ಹೆಸರಿನಲ್ಲಿ ಕೇಳುತ್ತಿರುವ ಸೊಲ್ಲಾಪುರ, ಜತ್ತ, ತಾಳವಾಡಿ, ಮಡಕಶಿರಗಳ ಹೆತ್ತವರಿಗೂ ಇದು ಸಲ್ಲುತ್ತದೆಂದು ಭಾವಿಸುತ್ತೇನೆ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು.

ನಾನು ಸೇವೆಯಲ್ಲಿದ್ದ ಕಾಲದಲ್ಲಿ ಒಂದು ಮೇಳಕ್ಕೆ ನಮ್ಮ ಶಾಲೆಯಿಂದ ಎಂಟನೆಯ ತರಗತಿಯ ಬಾಲಕನೊಬ್ಬ ಸುರಂಗದ ಮಾದರಿಯನ್ನು ಮಾಡಿಕೊಂಡು ಬಂದಿದ್ದ. ಸುರಂಗವೆಂದರೆ ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಇತರರಿಗಾಗಿ ಒಂದು ಮಾತು. ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ, ಒಬ್ಬ ಮನುಷ್ಯ ನುಸುಳುವಷ್ಟು ಅಗಲಕ್ಕೆ ಕೊರೆಯುತ್ತಾ ಹೋದರೆ ಒಳಗೆ ಒಸರು ಸಿಗುತ್ತದೆ. ಆ ನೀರು ಯಂತ್ರದ ಹಂಗಿಲ್ಲದೆ ತಾನಾಗಿ ಹೊರಕ್ಕೆ ಹರಿದು ಬರುತ್ತದೆ. ಎಣ್ಮಕಜೆ, ಬಾಯಾರು ಮುಂತಾದ ಕಡೆಗಳಲ್ಲಿ ಅಡಿಕೆ ತೋಟಗಳು ಬದುಕಿದ್ದೇ ಇದರಿಂದ. ಆ ಹುಡುಗನ ಅಜ್ಜ ಸುರಂಗ ತೋಡುವವರು. ಹುಡುಗ ಮಣ್ಣು, ಜಲ್ಲಿ, ಪ್ಲಾಸ್ಟಿಕ್ ಕೊಳವೆಗಳಿಂದ ಗುಡ್ಡವನ್ನೇ ಕಟ್ಟಿದ್ದ. ಮೇಲಿನಿಂದ ನೀರು ಚಿಮುಕಿಸಿದರೆ ಸ್ವಲ್ಪ ಹೊತ್ತಿನ ಮೇಲೆ ಕೆಳಗಿನ ತೊಟ್ಟಿಗೆ ಹನಿ ಬೀಳುತ್ತಿತ್ತು.

ತೀರ್ಪುಗಾರರು ಸಜ್ಜನರೇ. ಮಾದರಿಯನ್ನು ಬಗ್ಗಿ ನೋಡಿದರು, ಮೆಚ್ಚಿದರು, ಮಲಯಾಳದಲ್ಲಿ ಒಂದು ಪ್ರಶ್ನೆ ಕೇಳಿದರು: ಕೊಳವೆಯ ಕೆಳತುದಿಯಲ್ಲಿ 'ಮರ್ದಂ' ಏಕೆ ಹೆಚ್ಚು? ಹುಡುಗ ಸುಮ್ಮನೆ ನಿಂತ. ಬೀದಿಯ ಮಲಯಾಳ ಅವನಿಗೆ ಚೆನ್ನಾಗಿಯೇ ಬರುತ್ತಿತ್ತು, ಆದರೆ ಈ ಪದ ಬೀದಿಯಲ್ಲಿ ಸಿಗುವುದಲ್ಲ. ಅವನು ಓದಿದ್ದು 'ಒತ್ತಡ'. ಕನ್ನಡದ ಕಿವಿಗೆ 'ಮರ್ದನ' ಎಂದರೆ ಕಂಸಮರ್ದನ, ಕಾಳಿಂಗಮರ್ದನ! ನೀರಿಗೂ ಮರ್ದನಕ್ಕೂ ಏನು ಸಂಬಂಧವೆಂದು ಅವನು ಗಾಬರಿಯಾಗಿರಬೇಕು. 'ನೀರಿನ ಒತ್ತಡ ಕೆಳಗೆ ಏಕೆ ಜಾಸ್ತಿ' ಎಂದು ಕೇಳಿದ್ದರೆ, ಮೇಲಿರುವ ನೀರಿನ ಕಂಬದ ಭಾರವೇ ಕಾರಣವೆಂದೂ, ಪ್ರತಿ 10 ಮೀಟರ್ ಇಳಿತಕ್ಕೆ ಹೆಚ್ಚುಕಡಿಮೆ ಒಂದು ವಾಯುಭಾರದಷ್ಟು ಒತ್ತಡ ಕೂಡುತ್ತದೆಂದೂ ಅವನು ಸರಾಗವಾಗಿ ಹೇಳುತ್ತಿದ್ದ. ಹಿಂದಿನ ದಿನ ನನಗೆ ಹೇಳಿಯೂ ಇದ್ದ. ತೀರ್ಪುಗಾರರು ಮುಂದಿನ ಮೇಜಿಗೆ ಹೋದರು. ಹುಡುಗ ಮಾದರಿಯ ಮೇಲೆ ಬಟ್ಟೆ ಮುಚ್ಚಿದ.

ನಿಯಮವನ್ನು ದೂರಬಹುದಿತ್ತು, ತೀರ್ಪುಗಾರರನ್ನು ದೂರಬಹುದಿತ್ತು. ಅಂದು ಸಂಜೆ ಮನೆಯಲ್ಲಿ ನಾನು ಹಾಗೆ ದೂರಿದ್ದೂ ಉಂಟು. ಆದರೆ ರಾತ್ರಿ ನಿದ್ದೆ ಬರಲಿಲ್ಲ. ನನಗೆ ಎರಡು ಭಾಷೆಗಳೂ ಬರುತ್ತವೆ. ಹತ್ತು ಪದಗಳನ್ನು ಒಂದು ಹಾಳೆಯಲ್ಲಿ ಎದುರು ಬದುರಾಗಿ ಬರೆದು ಅವನ ಜೇಬಿಗೆ ಹಾಕುವುದು ಅರ್ಧ ಗಂಟೆಯ ಕೆಲಸ. ಕನ್ನಡ ಎಂ.ಎ. ಮಾಡಿದ ಮುಖ್ಯೋಪಾಧ್ಯಾಯನಿಗೆ ಅದು ಹೊಳೆಯಲಿಲ್ಲ. ಮರುವರ್ಷದಿಂದ ನಿವೃತ್ತಿಯವರೆಗೆ ಆ ಹಾಳೆ ತಪ್ಪಲಿಲ್ಲ: ಒತ್ತಡಕ್ಕೆ ಮರ್ದಂ, ವೇಗೋತ್ಕರ್ಷಕ್ಕೆ ತ್ವರಣಂ, ದ್ಯುತಿಸಂಶ್ಲೇಷಣೆಗೆ ಪ್ರಕಾಶಸಂಶ್ಲೇಷಣಂ, ಹೀಗೆ. ಆದರೆ ಆ ಒಬ್ಬ ಹುಡುಗನ ವರ್ಷ ಕಳೆದುಹೋಗಿತ್ತು.

ಇದನ್ನು ಹೇಳಿದ್ದೇಕೆಂದರೆ, 'ವಿಜ್ಞಾನಕ್ಕೆ ಭಾಷೆಯಿಲ್ಲ' ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಅದು ಅರ್ಧ ಸತ್ಯ. ನೀರು ಕೆಳಕ್ಕೆ ಹರಿಯುವುದಕ್ಕೆ ಭಾಷೆ ಬೇಕಾಗಿಲ್ಲ, ನಿಜ. ಏಕೆ ಹರಿಯುತ್ತದೆ ಎಂದು ಕೇಳುವುದಕ್ಕೂ ಹೇಳುವುದಕ್ಕೂ ಬೇಕು. ಉಚಿತ ಉಪನ್ಯಾಸವೆಂದರೆ ಹಣದ ಚೀಟಿ ಇಲ್ಲವೆಂದಷ್ಟೇ ಅರ್ಥ. ಬಸ್ಸಿನ ಖರ್ಚಿದೆ, ಕೂಲಿಯವರಿಗೆ ಒಂದು ದಿನದ ದುಡಿಮೆಯ ನಷ್ಟವಿದೆ, ಇವೆಲ್ಲವನ್ನೂ ತೆತ್ತು ಹೋದ ಮೇಲೆ ಅರ್ಥವಾಗದ ಪರಿಭಾಷೆಯ ಸುಂಕವೂ ಇದೆ. ಆ ತಾಯಿಯ ಪ್ರಶ್ನೆ ಅಸಡ್ಡೆಯಿಂದ ಹುಟ್ಟಿದ್ದಲ್ಲ, ಲೆಕ್ಕಾಚಾರದಿಂದ ಹುಟ್ಟಿದ್ದು. ಆದರೂ ಅವಳು ಮಗಳನ್ನು ಕರೆದೊಯ್ಯಲೇಬೇಕೆಂದು ನಾನು ಹೇಳುತ್ತೇನೆ.

2019ರ ಡಿಸೆಂಬರ್ 26ರ ಬೆಳಿಗ್ಗೆಯನ್ನು ನೆನಪಿಸಿಕೊಳ್ಳಿ. ಅಂದಿನ ಕಂಕಣ ಸೂರ್ಯಗ್ರಹಣದ ಪಥ ಅರಬ್ಬೀ ಸಮುದ್ರವನ್ನು ದಾಟಿ ನಮ್ಮ ಕರಾವಳಿಯನ್ನು ಮುಟ್ಟಿ, ಕಾಸರಗೋಡು, ವಯನಾಡು, ನೀಲಗಿರಿಗಳ ಮೇಲೆ ಹಾದುಹೋಯಿತು. ನಕ್ಷೆಯನ್ನು ಮುಂದಿಟ್ಟುಕೊಂಡರೆ ಗಡಿನಾಡ ಕನ್ನಡಿಗರ ಊರುಗಳನ್ನೇ ಹುಡುಕಿ ಹೊರಟಂತಿತ್ತು ಆ ನೆರಳು! ಜಿಲ್ಲೆಯ ದಕ್ಷಿಣದ ಚೆರ್ವತ್ತೂರಿನಲ್ಲಿ ಸಾರ್ವಜನಿಕರಿಗೆಂದು ದೊಡ್ಡ ವೀಕ್ಷಣೆಯ ವ್ಯವಸ್ಥೆಯಾಗಿತ್ತು. ಎಂಟು ಗಂಟೆ ದಾಟಿದ ಮೇಲೆ ಸೂರ್ಯನ ಅಂಚು ಕಚ್ಚಿದಂತಾಯಿತು. ಒಂಬತ್ತೂವರೆಗೆ ತುಸು ಮುನ್ನ ಉಂಗುರ ಪೂರ್ಣವಾಗಿ, ಸುಮಾರು ಮೂರು ನಿಮಿಷ ನಿಂತಿತು. ಚಂದ್ರ ಅಂದು ಭೂಮಿಯಿಂದ ಹೆಚ್ಚು ದೂರದಲ್ಲಿದ್ದುದರಿಂದ ಸೂರ್ಯನನ್ನು ಪೂರ್ತಿಯಾಗಿ ಮುಚ್ಚುವಷ್ಟು ದೊಡ್ಡದಾಗಿ ಕಾಣಲಿಲ್ಲ, ಸುತ್ತ ಬೆಳಕಿನ ಅಂಚು ಉಳಿಯಿತು. ಮನೆಯಂಗಳದಲ್ಲಿದ್ದವರಿಗೂ ಒಂದು ಪ್ರದರ್ಶನವಿತ್ತು. ತೆಂಗಿನ ಗರಿಯ ಸಂದುಗಳಿಂದ ನೆಲಕ್ಕೆ ಬಿದ್ದ ಪ್ರತಿಯೊಂದು ಬಿಸಿಲ ಚುಕ್ಕೆಯೂ ಮೊದಲು ಅರೆಚಂದ್ರವಾಗಿ, ಅನಂತರ ಉಂಗುರವಾಗಿ ಕಂಡಿತು. ಸಣ್ಣ ರಂಧ್ರವೇ ಮಸೂರದ ಕೆಲಸ ಮಾಡುತ್ತದೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ಯಾವ ಪ್ರಯೋಗಶಾಲೆಯಲ್ಲಿದೆ?

ಅಂದು ನನ್ನ ಪಕ್ಕದಲ್ಲಿದ್ದ ಮೊಮ್ಮಗಳ ವಯಸ್ಸಿನ ಹುಡುಗಿಗೆ ಮಲಯಾಳದವರು 'ವಲಯ ಸೂರ್ಯಗ್ರಹಣ' ಎನ್ನುತ್ತಾರೆಂದು ಹೇಳಿದೆ. ನಾವು 'ಕಂಕಣ' ಎನ್ನುತ್ತೇವೆಂದೂ ಹೇಳಿದೆ. ಅವಳು ತನ್ನ ಕೈ ನೋಡಿಕೊಂಡು "ಹಾಗಾದರೆ ಬಳೆಯೇ!" ಎಂದಳು. ಎರಡು ಭಾಷೆಯ ಎರಡು ಪದಗಳು ಒಂದೇ ವಸ್ತುವಿನ ಮೇಲೆ ಬಂದು ಕುಳಿತ ಕ್ಷಣ ಅದು. ಮಗುವಿಗೆ ಮೊದಲು ತನ್ನ ಭಾಷೆಯಲ್ಲಿ ವಿಷಯ ಹಿಡಿಸಲಿ, ಇನ್ನೊಂದು ಭಾಷೆಯ ಪದ ಅದರ ಮೇಲೆ ಸುಲಭವಾಗಿ ಕೂರುತ್ತದೆ. ವಿಷಯವೇ ಹಿಡಿಸದೆ ಪದ ಮಾತ್ರ ಬಂದರೆ ಅದು ಬಾಯಿಪಾಠ. ಕನ್ನಡ ಮಾಧ್ಯಮದಿಂದ ಮಕ್ಕಳನ್ನು ಬಿಡಿಸಿ ಇಂಗ್ಲಿಷ್ ಮಾಧ್ಯಮಕ್ಕೆ ಒಯ್ಯುವ ಮುನ್ನ ಹೆತ್ತವರು ಇದನ್ನು ಒಮ್ಮೆ ಯೋಚಿಸಬೇಕೆಂದು ನನ್ನ ಕೋರಿಕೆ. ಅಂದು ಗ್ರಹಣಕ್ಕೆ ಹೆದರಿ ಬಾಗಿಲು ಹಾಕಿಕೊಂಡ ಮನೆಗಳೂ ಇದ್ದವು. ಗ್ರಹಣ ಬಿಟ್ಟ ಮೇಲೆ ಸ್ನಾನ ಮಾಡುವುದು ಬಿಡುವುದು ಅವರವರ ಮನೆಯ ಮಾತು, ಆದರೆ ಸೋಸುಗನ್ನಡಕವಿದ್ದೂ ಮಗುವಿಗೆ ಆ ಮೂರು ನಿಮಿಷವನ್ನು ತಪ್ಪಿಸಿದ್ದು ನಷ್ಟವೇ ಸರಿ.

ಇಲ್ಲೊಂದು ಸಣ್ಣ ತಮಾಷೆಯೂ ಇದೆ. ಮಲಯಾಳದಲ್ಲಿ 'ಶಾಸ್ತ್ರ'ವೆಂದರೆ ವಿಜ್ಞಾನ. ನಮ್ಮಲ್ಲಿ ಶಾಸ್ತ್ರವೆಂದರೆ ಅಜ್ಜಿ ಮದುವೆಮನೆಯಲ್ಲಿ ಮಾಡಿಸುವುದು. 'ಶಾಸ್ತ್ರೋತ್ಸವ' ಎಂಬ ಸುತ್ತೋಲೆಯನ್ನು ನೋಡಿ ಹಿರಿಯರೊಬ್ಬರು ಯಾವ ದೇವಸ್ಥಾನದಲ್ಲಿ ಎಂದು ಕೇಳಿದ್ದರು. ಕೇರಳದ ಶಾಲಾ ಶಾಸ್ತ್ರೋತ್ಸವ ಉಪಜಿಲ್ಲೆಯಿಂದ ಆರಂಭವಾಗಿ ಜಿಲ್ಲೆ, ರಾಜ್ಯ ಹೀಗೆ ಮೇಲಕ್ಕೆ ಹೋಗುತ್ತದೆ. ವಿಜ್ಞಾನ, ಗಣಿತ, ಸಮಾಜವಿಜ್ಞಾನ, ವೃತ್ತಿಪರಿಚಯ, ಮಾಹಿತಿ ತಂತ್ರಜ್ಞಾನ ಎಲ್ಲವೂ ಅದರಲ್ಲಿವೆ. ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳ ಹಂತದಲ್ಲಿ ನಮ್ಮ ಮಕ್ಕಳ ದನಿ ಕೇಳಿಸುತ್ತದೆ. ಮೇಲೆ ಹೋದಂತೆ ಕ್ಷೀಣವಾಗುತ್ತದೆ. ಕ್ಷೀಣವಾಗುವುದು ಬುದ್ಧಿಯಲ್ಲ, ದನಿ ಮಾತ್ರ.

ಮಲಯಾಳಿಗಳಿಂದ ನಾವು ಕಲಿಯಬೇಕಾದ ಒಂದು ಪಾಠವೂ ಇದೆ. 1962ರಲ್ಲಿ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಹುಟ್ಟಿದ್ದೇ ವಿಜ್ಞಾನವನ್ನು ಜನರ ಭಾಷೆಗೆ ತರಬೇಕೆಂಬ ಹಟದಿಂದ. ಇಂಗ್ಲಿಷಿನ ಮುಂದೆ ತಮ್ಮ ಮಕ್ಕಳು ಮೂಕರಾಗಬಾರದೆಂದು ಅವರು ಮಾಡಿದ್ದನ್ನೇ ನಾವು ನಮ್ಮ ಮಕ್ಕಳಿಗಾಗಿ ಕೇಳಿದರೆ, ಅದರ ನ್ಯಾಯ ಅವರಿಗೆ ಬೇಗ ಅರ್ಥವಾಗಬೇಕು. ಕನ್ನಡವೂ ಬರಿಗೈಯಲ್ಲಿಲ್ಲ. ಶಿವರಾಮ ಕಾರಂತರು ಒಬ್ಬರೇ ಕುಳಿತು ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' ಬರೆದರು. 'ಹಸುರು ಹೊನ್ನು' ಬರೆದ ಬಿ.ಜಿ.ಎಲ್. ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದವರು, ಅಂದರೆ ನಮ್ಮಂತೆಯೇ ಹೊರನಾಡಿನಲ್ಲಿದ್ದವರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ' ಮಾಸಿಕವನ್ನು ಓದಿ ಬೆಳೆದ ಅಧ್ಯಾಪಕರು ಗಡಿಯ ಈಚೆಗೂ ಅನೇಕರಿದ್ದಾರೆ. ಪುಸ್ತಕಗಳಿವೆ, ಪದಗಳಿವೆ. ಮೇಳದ ಮೇಜಿನ ಹಿಂದೆ ನಿಂತು ಅವನ್ನು ಉಚ್ಚರಿಸುವವರು ಬೇಕಾಗಿದ್ದಾರೆ.

ನಮ್ಮವರ ಮೇಲೂ ನನಗೆ ತಕರಾರಿದೆ. ಕನ್ನಡ ಸಂಘಗಳು ಸಮ್ಮೇಳನ ಮಾಡುತ್ತವೆ, ಶಾಲು ಹೊದಿಸುತ್ತವೆ, ಹಾರ ಹಾಕುತ್ತವೆ. ನನಗೂ ಹೊದಿಸಿದ್ದಾರೆ, ಸಂತೋಷ. ಆದರೆ ಆ ವೆಚ್ಚದ ಒಂದು ಪಾಲಿನಲ್ಲಿ ಒಂದು ಚಿಕ್ಕ ದೂರದರ್ಶಕ ಬರುತ್ತದೆ. ಹತ್ತು ಶಾಲೆಗಳ ಮಕ್ಕಳು ಸರದಿಯಲ್ಲಿ ಶನಿಯ ಬಳೆಯನ್ನು ನೋಡಬಹುದು. ಇನ್ನು ಕೆಲವರು, ಪರಭಾಷೆಯ ಮೇಳಕ್ಕೆ ಹೋಗುವುದೇ ಶರಣಾಗತಿಯೆಂದು ಹೇಳುತ್ತಾರೆ. ಹಾಗೆ ಹೇಳುವವರ ಮಕ್ಕಳು ಮಂಗಳೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ಇಂಗ್ಲಿಷಿನಲ್ಲಿ ಓದುತ್ತಿರುವುದನ್ನು ನಾನು ಕಂಡಿದ್ದೇನೆ. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಇಷ್ಟೆಲ್ಲ ಒತ್ತಾಯವೇಕೆ, ಮೇಳವೊಂದು ತಪ್ಪಿದರೆ ಏನಾದೀತು ಎಂದು ನೀವು ಕೇಳಬಹುದು. ಎಣ್ಮಕಜೆಯ ಪಡ್ರೆ, ಸ್ವರ್ಗ ಪ್ರದೇಶದ ಹಿರಿಯರನ್ನು ಕೇಳಿ. ಎರಡು ದಶಕಗಳಿಗೂ ಹೆಚ್ಚು ಕಾಲ ಗೇರುತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗುಡ್ಡದ ಮೇಲೆ ಬಿದ್ದದ್ದು ಸುರಂಗದ ನೀರಿಗೂ ತೋಡಿಗೂ ಇಳಿಯುತ್ತದೆಂಬುದು ಆ ಹುಡುಗನ ಮಣ್ಣಿನ ಮಾದರಿಯನ್ನು ನೋಡಿದವರಿಗೆ ತಿಳಿಯುವ ವಿಚಾರ. ಮಕ್ಕಳ ಕಾಯಿಲೆಗೂ ಆ ಸಿಂಪಡಣೆಗೂ ಸಂಬಂಧವಿರಬಹುದೇ ಎಂದು ಮೊದಲು ಗಟ್ಟಿಯಾಗಿ ಕೇಳಿದವರು ಆ ಮಣ್ಣಿನಲ್ಲೇ ಇದ್ದವರು: ಊರಿನ ವೈದ್ಯ ಡಾ. ವೈ.ಎಸ್. ಮೋಹನಕುಮಾರ್, ಕನ್ನಡದ ಕೃಷಿ ಪತ್ರಕರ್ತ ಶ್ರೀಪಡ್ರೆ. ದೇಶದ ಸರ್ವೋಚ್ಚ ನ್ಯಾಯಾಲಯ ಆ ವಿಷವನ್ನು ನಿಷೇಧಿಸುವ ಹೊತ್ತಿಗೆ 2011 ಬಂದಿತ್ತು. ಡಬ್ಬಿಯ ಮೇಲೆ ಏನು ಬರೆದಿದೆ, ನೀರನ್ನು ಪರೀಕ್ಷಿಸುವುದು ಹೇಗೆ, ವರದಿಯ ಅಂಕಿಗಳನ್ನು ಓದುವುದು ಹೇಗೆ ಎಂದು ತನ್ನ ಭಾಷೆಯಲ್ಲಿ ತಿಳಿದ ಪ್ರಜೆಗಳು ಒಂದು ಊರಿಗೆ ಇಬ್ಬರಲ್ಲ, ಇನ್ನೂರು ಜನ ಬೇಕು. ಅವರು ಹನ್ನೆರಡು, ಹದಿಮೂರರ ವಯಸ್ಸಿನಲ್ಲೇ ತಯಾರಾಗಬೇಕು.

ಹಾಗಾದರೆ ಮಾಡಬೇಕಾದ್ದೇನು? ಮೇಳ ಅಥವಾ ಉಪನ್ಯಾಸದ ಸುದ್ದಿ ಬಂದ ವಾರವೇ ಸಂಘಟಕರಿಗೆ ಒಂದು ಪತ್ರ ಬರೆಯಿರಿ: ಕನ್ನಡ ಮಾಧ್ಯಮದ ಇಂತಿಷ್ಟು ಮಕ್ಕಳು ಬರುತ್ತಾರೆ, ಕನ್ನಡ ಬಲ್ಲ ಒಬ್ಬ ವಿವರಣೆಗಾರರನ್ನು ಇಡಿ, ಇಲ್ಲವಾದರೆ ನಾವೇ ಒಬ್ಬರನ್ನು ಕಳುಹಿಸುತ್ತೇವೆ, ಜಾಗ ಕೊಡಿ. ಎರಡನೆಯ ವಾಕ್ಯ ಮುಖ್ಯ. ಬೇಡಿಕೆಯ ಜತೆಗೆ ಆಳನ್ನೂ ಕೊಟ್ಟರೆ ನಿರಾಕರಿಸುವುದು ಕಷ್ಟ. ತೀರ್ಪುಗಾರರಲ್ಲಿ ಒಬ್ಬರಾದರೂ ಕನ್ನಡ ಬಲ್ಲವರಿರಲಿ ಎಂದು ರಕ್ಷಕ ಶಿಕ್ಷಕ ಸಂಘದ ಮೂಲಕ ಕೇಳಿ. ಸಂವಿಧಾನದ 350ಎ ಅನುಚ್ಛೇದ ಭಾಷಾ ಅಲ್ಪಸಂಖ್ಯಾತ ಮಕ್ಕಳ ಪ್ರಾಥಮಿಕ ಶಿಕ್ಷಣವನ್ನು ಕುರಿತದ್ದು, ಮೇಳವನ್ನು ಕುರಿತದ್ದಲ್ಲ. ಆದ್ದರಿಂದ ಹಕ್ಕಿನ ಧ್ವನಿಗಿಂತ ಸ್ನೇಹದ ಧ್ವನಿ ಇಲ್ಲಿ ಹೆಚ್ಚು ಕೆಲಸ ಮಾಡುತ್ತದೆಂಬುದು ನನ್ನ ಅನುಭವ. ಹೆತ್ತವರು ಜತೆಯಲ್ಲಿ ಹೋಗಿ. ನಿಮಗೆ ವಿಜ್ಞಾನ ಬಾರದಿದ್ದರೆ ಬಾಧಕವಿಲ್ಲ. ಮನೆಗೆ ಬಂದ ಮೇಲೆ ಕಂಡದ್ದನ್ನು ಕನ್ನಡದಲ್ಲಿ ನಿಮಗೆ ವಿವರಿಸಲು ಮಗುವಿಗೆ ಹೇಳಿ. ಎಲ್ಲಿ ತಡವರಿಸುತ್ತದೋ ಅಲ್ಲಿ ಅರ್ಥವಾಗಿಲ್ಲವೆಂದು ಅದಕ್ಕೇ ತಿಳಿಯುತ್ತದೆ.

ಇತರ ಗಡಿಗಳವರಿಗೆ ಎರಡು ಮಾತು. ಸಿ.ವಿ. ರಾಮನ್ ತಮ್ಮ ಶೋಧವನ್ನು 1928ರ ಫೆಬ್ರವರಿ 28ರಂದು ಪ್ರಕಟಿಸಿದರು. 1987ರಿಂದ ಆ ದಿನ ರಾಷ್ಟ್ರೀಯ ವಿಜ್ಞಾನ ದಿನ. ಅದರ ಆಸುಪಾಸಿನಲ್ಲಿ ದೊಡ್ಡ ಸಂಸ್ಥೆಗಳು ಜನರಿಗೆ ಬಾಗಿಲು ತೆರೆಯುತ್ತವೆ. ಮಹಾರಾಷ್ಟ್ರದ ನಾರಾಯಣಗಾಂವ್ ಬಳಿಯ ಖೊಡದ್‌ನಲ್ಲಿ, ತಲಾ 45 ಮೀಟರ್ ವ್ಯಾಸದ 30 ತಟ್ಟೆಗಳ ಬೃಹತ್ ರೇಡಿಯೋ ದೂರದರ್ಶಕವಿದೆ. ಅಲ್ಲಿ ವಿಜ್ಞಾನ ದಿನದಂದು ಹಳ್ಳಿಯ ಶಾಲೆಗಳ ಮಕ್ಕಳೂ ತಮ್ಮ ಪ್ರಯೋಗಗಳನ್ನು ತಂದಿಡುತ್ತಾರೆ. ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡ ಶಾಲೆಗಳ ಮೇಜೂ ಅಲ್ಲಿರಲಿ. ನೀಲಗಿರಿಯವರಿಗಂತೂ ಊಟಿಯ ಬೆಟ್ಟದಲ್ಲೇ 530 ಮೀಟರ್ ಉದ್ದದ ರೇಡಿಯೋ ದೂರದರ್ಶಕ 1970ರಿಂದ ಇದೆ. ಆ ಇಳಿಜಾರಿನ ಕೋನ ಊರಿನ ಅಕ್ಷಾಂಶದಷ್ಟೇ, ಸುಮಾರು 11 ಡಿಗ್ರಿ. ಹಾಗಾಗಿ ಅದರ ಅಕ್ಷ ಭೂಮಿಯ ಅಕ್ಷಕ್ಕೆ ಸಮಾಂತರವಾಗಿದೆ, ಒಂದೇ ದಿಕ್ಕಿಗೆ ತಿರುಗಿಸುತ್ತಾ ಆಕಾಶದ ಮೂಲವೊಂದನ್ನು ಗಂಟೆಗಟ್ಟಲೆ ಹಿಂಬಾಲಿಸಬಹುದು. ಗೋವಿಂದ ಸ್ವರೂಪ್ ಎಂಬ ವಿಜ್ಞಾನಿ ಬೆಟ್ಟವನ್ನೇ ಉಪಕರಣದ ಭಾಗವಾಗಿಸಿದರು. ಇದನ್ನು ನೀಲಗಿರಿಯ ಮಗುವಿಗೆ ಅದರ ಮನೆಮಾತಿನಲ್ಲಿ ಯಾರಾದರೂ ಹೇಳಿದ್ದಾರೆಯೇ? ಹೊಸೂರು, ಮಡಕಶಿರದವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಮ್ಮೆ ಸಾರ್ವಜನಿಕರಿಗೆ ಉಚಿತವಾಗಿ ತೆರೆದುಕೊಳ್ಳುವ ದಿನವಿದೆ. ಕನ್ನಡದಲ್ಲಿ ಕೇಳಿ; ವಿವರಿಸುವ ವಿದ್ಯಾರ್ಥಿಯೊಬ್ಬ ಸಿಗದೆ ಇರಲಾರ.

ಸಂಘಟಕರಿಗೆ ಬರೆಯುವ ಪತ್ರದ ಮಾದರಿ, ಕನ್ನಡ ಮಲಯಾಳ ಪದಪಟ್ಟಿ ಎರಡೂ ನನ್ನಲ್ಲಿವೆ. ಮರಾಠಿ, ತಮಿಳು, ತೆಲುಗು ಬಲ್ಲ ಅಧ್ಯಾಪಕ ಮಿತ್ರರು ತಮ್ಮ ಭಾಷೆಯ ಕಂಬಸಾಲನ್ನು ಸೇರಿಸಿಕೊಟ್ಟರೆ ಉಪಕಾರ. ಬೇಕಾದವರು ಊರು ಮತ್ತು ತರಗತಿಯನ್ನಷ್ಟೇ ತಿಳಿಸಿ, ಕಳುಹಿಸಿಕೊಡುತ್ತೇನೆ. ಪಟ್ಟಿಯ ಮೊದಲ ಪದ 'ಒತ್ತಡ'.